ಬೆಸುಗೆಗೆ ಮೊದಲು ಅಳತೆ

ಪುಣೆ–ಬೆಂಗಳೂರು ಹೆದ್ದಾರಿಯಲ್ಲಿ ಹಿರಿಯೂರಿಗೂ ಚಿತ್ರದುರ್ಗಕ್ಕೂ ನಡುವೆ ಸಿಗುವ ಐಮಂಗಲದವರಿಗೆ ಚಾಸಿ ಎಂದರೇನೆಂದು ಯಾರೂ ಹೇಳಿಕೊಡಬೇಕಿಲ್ಲ. ಮೈ ಇಲ್ಲದ, ಎಷ್ಟೋ ಸಲ ಕ್ಯಾಬಿನ್ನೂ ಇಲ್ಲದ ಹೊಸ ಲಾರಿಗಳು ಕಾರ್ಖಾನೆಯಿಂದ ಹೊರಟು ಬಾಡಿ ಕಟ್ಟುವ ಊರುಗಳತ್ತ ಸಾಲುಗಟ್ಟಿ ಓಡುವುದನ್ನು ಈ ರಸ್ತೆ ದಶಕಗಳಿಂದ ಕಂಡಿದೆ. ಎಂಜಿನ್, ಸ್ಟೇರಿಂಗ್, ಚಕ್ರಗಳು, ಅವನ್ನೆಲ್ಲ ಹಿಡಿದಿಟ್ಟ ಎರಡು ಉದ್ದನೆಯ ಉಕ್ಕಿನ ತೊಲೆಗಳು, ಮುಖಕ್ಕೆ ಟವೆಲ್ ಸುತ್ತಿಕೊಂಡು ಗಾಳಿಗೆ ಎದೆಯೊಡ್ಡಿ ಕೂತ ಡ್ರೈವರ್. ಲಾರಿಯೊಂದರಲ್ಲಿ ನಿಜಕ್ಕೂ ಹೊರೆ ಹೊರುವುದು ಯಾವುದು ಎಂಬುದು ಆ ನೋಟದಲ್ಲೇ ಅರ್ಥವಾಗುತ್ತದೆ. ನಮ್ಮ ಮೋಟಾರು ವಾಹನ ಕಾಯ್ದೆಯೂ ಇದನ್ನು ಒಪ್ಪುತ್ತದೆ. 1988ರ ಕಾಯ್ದೆಯ 2ನೇ ಸೆಕ್ಷನ್ನಿನಲ್ಲಿ 'ಮೋಟಾರು ವಾಹನ' ಎಂದರೇನೆಂದು ಹೇಳುವಾಗ, ಬಾಡಿ ಕೂರಿಸದ ಚಾಸಿಯೂ ವಾಹನವೇ, ಟ್ರೇಲರ್ ಕೂಡ ವಾಹನವೇ ಎಂದು ಸ್ಪಷ್ಟವಾಗಿ ಸೇರಿಸಿದ್ದಾರೆ.

ಅಮೆರಿಕದಲ್ಲಿ ಇಂಥ ಚಾಸಿಗೆ ಬೇಕಾದ ತುಂಡುಗಳನ್ನು ಕತ್ತರಿಸಿ, 'ಕಿಟ್' ಎಂದು ಕಟ್ಟು ಕಟ್ಟಿ ಗಿರಾಕಿಯ ಮನೆಗೆ ಕಳಿಸುವ ವ್ಯಾಪಾರವೇ ಇದೆ. ಗಿರಾಕಿ ತನ್ನ ಷೆಡ್ಡಿನಲ್ಲಿ ಅವನ್ನು ಜೋಡಿಸಿ, ತಾನೇ ವೆಲ್ಡಿಂಗ್ ಮಾಡಿ, ಅದರ ಮೇಲೆ ಅಜ್ಜನ ಕಾಲದ ಪಿಕಪ್ಪಿನ ಮೈಯನ್ನು ಕೂರಿಸುತ್ತಾನೆ. ನಮ್ಮಲ್ಲಿ ಹಾಗೆ ಮಾಡಿ ರಸ್ತೆಗಿಳಿಸಲು ಕಾನೂನು ಬಿಡುವುದಿಲ್ಲ, ಅದಕ್ಕೆ ಆಮೇಲೆ ಬರುತ್ತೇನೆ. ಆದರೂ ಈ ಕಿಟ್ಟುಗಳ ಬಗ್ಗೆ ನಾವು ತಿಳಿದುಕೊಳ್ಳಲೇಬೇಕು ಎಂದು ನನಗೆ ಅನ್ನಿಸುವುದಕ್ಕೆ ಕಾರಣ ನಮ್ಮ ಟ್ರ್ಯಾಕ್ಟರ್ ಟ್ರಾಲಿಗಳು. ಚಿತ್ರದುರ್ಗ ಜಿಲ್ಲೆಯ ಈರುಳ್ಳಿ, ಶೇಂಗಾ, ಮೆಕ್ಕೆಜೋಳ, ಅಡಿಕೆ, ತೆಂಗು, ಜೊತೆಗೆ ಮದುವೆ ದಿಬ್ಬಣ, ಜಾತ್ರೆಯ ಜನ ಎಲ್ಲವೂ ಓಡಾಡುವುದು ಊರ ಷೆಡ್ಡಿನಲ್ಲಿ ಬೆಸೆದ ಚಾಸಿಯ ಮೇಲೆ. ಹಾಗಾಗಿ ಕೈಯಾರೆ ಬೆಸೆದ ಚಾಸಿ ಎಂಬುದು ಅಮೆರಿಕದವರ ಹವ್ಯಾಸ ಮಾತ್ರವಲ್ಲ, ನಮ್ಮ ಊರಿನ ದಿನನಿತ್ಯದ ವಿಷಯ.

ಮೊದಲು ಅಲ್ಲಿಯ ಕಥೆ. ಫೋರ್ಡ್ ಕಂಪನಿ 1932ರಲ್ಲಿ ಸಾಮಾನ್ಯರ ಕೈಗೆಟಕುವ ಕಾರಿಗೆ ವಿ-8 ಎಂಜಿನ್ ಕೂರಿಸಿತು. ಅದರ ಶಕ್ತಿ 65 ಅಶ್ವಶಕ್ತಿ. ದಕ್ಷಿಣ ಕ್ಯಾಲಿಫೋರ್ನಿಯಾದ ಹುಡುಗರು ಹಳೆಯ ಫೋರ್ಡುಗಳನ್ನು ಕಡಿಮೆ ಬೆಲೆಗೆ ಕೊಂಡು, ಮಡ್‌ಗಾರ್ಡು, ಬಾನೆಟ್ಟು ಕಿತ್ತು ಹಗುರ ಮಾಡಿ, ಎಲ್ ಮಿರಾಜ್, ಮ್ಯುರಾಕ್ ಎಂಬ ಒಣಗಿದ ಕೆರೆಯಂಗಳಗಳಲ್ಲಿ ಓಡಿಸತೊಡಗಿದರು. ಇವೇ ಹಾಟ್ ರಾಡ್‌ಗಳು. ಎರಡನೇ ಮಹಾಯುದ್ಧ ಮುಗಿದು, ಲೋಹದ ಕೆಲಸ, ಯಂತ್ರದ ಕೆಲಸ ಕಲಿತ ಸಾವಿರಾರು ಸೈನಿಕರು ಮನೆಗೆ ಬಂದ ಮೇಲೆ ಇದು ಇನ್ನೂ ಹಬ್ಬಿತು. 1948ರ ಜನವರಿಯಲ್ಲಿ 'ಹಾಟ್ ರಾಡ್' ಹೆಸರಿನ ಪತ್ರಿಕೆಯೇ ಹೊರಬಂತು. ಮುಂದೆ ಫೋರ್ಡ್ ಎಫ್-100, ಷೆವರ್ಲೆ ಸಿ-10ರಂಥ ಹಳೆಯ ಪಿಕಪ್ಪುಗಳ ಮೇಲೂ ಈ ಪ್ರೀತಿ ಹರಿಯಿತು.

ಹಳೆಯ ಮೈ ಚೆನ್ನಾಗಿದ್ದರೂ ಅಡಿಯಲ್ಲಿನ ಚಾಸಿ ಈ ಕಾಲಕ್ಕೆ ಸಾಲದು. ತುಕ್ಕು ತಿಂದಿರುತ್ತದೆ, ಮುಂದೆ ಒಂದೇ ಗಟ್ಟಿ ಅಚ್ಚು, ಡ್ರಮ್ ಬ್ರೇಕು. ಹೆಚ್ಚು ಶಕ್ತಿಯ ಎಂಜಿನ್ ಕೂರಿಸಿದರೆ ತಿರುಚಿಕೊಳ್ಳುತ್ತದೆ. ಆದ್ದರಿಂದ ಚಾಸಿಯನ್ನೇ ಹೊಸದಾಗಿ ಕಟ್ಟುವುದು. ಸಿದ್ಧ ಚಾಸಿ ಕೊಂಡರೆ ದುಬಾರಿ, ಸಾಗಿಸುವ ಖರ್ಚೂ ಹೆಚ್ಚು. ಅದಕ್ಕೇ ಕಿಟ್ಟು. ಉದ್ದ ತೊಲೆಗಳ ತಟ್ಟೆಗಳು, ಅಡ್ಡಪಟ್ಟಿಗಳು, ಮುಂದಿನ ಚಕ್ರಗಳ ಸಸ್ಪೆನ್ಷನ್ ಕೂರುವ ಜಾಗ, ಹಿಂದಿನ ಅಚ್ಚನ್ನು ಹಿಡಿಯುವ ಕೊಂಡಿಗಳು ಎಲ್ಲವೂ ಲೇಸರಿನಲ್ಲಿ ಕತ್ತರಿಸಿ ಬಂದಿರುತ್ತವೆ. ಮುಂದಿನ ಭಾಗಕ್ಕೆ ಹೆಚ್ಚಾಗಿ 1974ರ ಫೋರ್ಡ್ ಮಸ್ಟಾಂಗ್-2 ಕಾರಿನ ಸಸ್ಪೆನ್ಷನ್ ವಿನ್ಯಾಸವನ್ನೇ ಅನುಸರಿಸುತ್ತಾರೆ. ಅದು ಚಿಕ್ಕದು, ಅಗಲ ಕಡಿಮೆ, ಬಿಡಿಭಾಗ ಎಲ್ಲೆಲ್ಲೂ ಸಿಗುತ್ತದೆ. ಆ ಕಾರು ಮರೆಯಾಗಿ ಎಷ್ಟೋ ಕಾಲವಾದರೂ ಅದರ ಮುಂಗಾಲು ಇನ್ನೂ ಸಾವಿರಾರು ಹಳೆಯ ಗಾಡಿಗಳಲ್ಲಿ ಬದುಕಿದೆ.

ಕಿಟ್ಟಿನ ನಿಜವಾದ ಬುದ್ಧಿವಂತಿಕೆ ಇರುವುದು ಕತ್ತರಿಸುವ ಬಗೆಯಲ್ಲಿ. ಪ್ರತಿ ತಟ್ಟೆಯ ಅಂಚಿನಲ್ಲಿ ಚಿಕ್ಕ ಹಲ್ಲುಗಳಿರುತ್ತವೆ, ಅದು ಸೇರಬೇಕಾದ ತಟ್ಟೆಯಲ್ಲಿ ಅದೇ ಅಳತೆಯ ಸೀಳು. ಬಾಗಿಲಿನ ಚೌಕಟ್ಟಿಗೆ ಬಡಗಿ ತೂತು ಹೊಡೆದು ಗೂಟ ಕೂರಿಸುವ ಹಾಗೆ, ಒಂದರ ಹಲ್ಲು ಇನ್ನೊಂದರ ಸೀಳಿಗೆ ಕೂತರೆ ಮಾತ್ರ ಜೋಡಣೆ ಆಗುತ್ತದೆ. ತಪ್ಪು ಜಾಗಕ್ಕೆ, ತಪ್ಪು ಕೋನಕ್ಕೆ ಕೂರಿಸೋಣವೆಂದರೂ ಕೂರುವುದಿಲ್ಲ. ಅಂದರೆ ಅಳತೆಯ ಜವಾಬ್ದಾರಿ ಬೆಸೆಯುವವನ ಕಣ್ಣಿನಿಂದ ಕತ್ತರಿಸುವ ಯಂತ್ರಕ್ಕೆ ಹೋಯಿತು. ಮನೆಯಲ್ಲಿ ವಾರಕ್ಕೊಮ್ಮೆ ವೆಲ್ಡಿಂಗ್ ಹಿಡಿಯುವವನೂ ನೇರವಾದ ಚಾಸಿ ಕಟ್ಟಬಲ್ಲನೆಂದರೆ ಇದರಿಂದ.

ಹಾಗಿದ್ದರೂ ಕೊನೆಯಲ್ಲಿ ಒಬ್ಬ ಮನುಷ್ಯ ಕಿಡಿ ಹಾರಿಸಲೇಬೇಕು. ಅಲ್ಲಿ ಕೆಲಸ ಕೆಡುವುದು ಬಿಸಿಯಿಂದ. ಉಕ್ಕು ಕರಗುವುದು ಸುಮಾರು 1500 ಡಿಗ್ರಿ ಸೆಲ್ಸಿಯಸ್ಸಿನಲ್ಲಿ. ಒಂದು ಮೀಟರ್ ಉದ್ದದ ಉಕ್ಕನ್ನು 100 ಡಿಗ್ರಿ ಕಾಯಿಸಿದರೆ ಅದು ಸುಮಾರು 1.2 ಮಿ.ಮೀ. ಹಿಗ್ಗುತ್ತದೆ. ಬೆಸುಗೆಯ ಗೆರೆಯ ಉದ್ದಕ್ಕೂ ಕರಗಿದ ಲೋಹ ಆರುವಾಗ ಕುಗ್ಗಬೇಕೆಂದು ಎಳೆಯುತ್ತದೆ. ಪಕ್ಕದ ತಣ್ಣನೆಯ ಲೋಹ ಬಿಡುವುದಿಲ್ಲ. ಆ ಎಳೆದಾಟದಲ್ಲಿ ಇಡೀ ತೊಲೆ ಬೆಸುಗೆ ಬಿದ್ದ ಬದಿಗೆ ಬಾಗುತ್ತದೆ. ನಮ್ಮ ಷೆಡ್ಡುಗಳಲ್ಲಿ ಇದಕ್ಕೆ 'ಎಳೀತು' ಅನ್ನುತ್ತಾರೆ. ಒಂದು ಬದಿಯನ್ನು ಪೂರ್ತಿ ಬೆಸೆದು ಇನ್ನೊಂದಕ್ಕೆ ಹೋದರೆ ಎಳೆತ ಖಂಡಿತ.

ಬಲ್ಲವರು ಮಾಡುವುದು ಹೀಗೆ. ಮೊದಲು ಎಲ್ಲ ತುಂಡುಗಳನ್ನೂ ಸಮತಟ್ಟಾದ ದಪ್ಪ ಮೇಜಿಗೆ, ಅಥವಾ ತುಂಡುಗಳು ಅಲುಗದಂತೆ ಹಿಡಿಯುವ, ನೆಲಕ್ಕೆ ಬಿಗಿದ ಜಿಗ್ಗಿಗೆ ಕ್ಲಾಂಪ್ ಹಾಕಿ ಕೂರಿಸುತ್ತಾರೆ. ಬರೀ ಟ್ಯಾಕ್ ಹಾಕುತ್ತಾರೆ, ಅಂದರೆ ಅಲ್ಲಲ್ಲಿ ಒಂದು ಕಡಲೆಕಾಳಿನಷ್ಟು ಬೆಸುಗೆ. ಇಡೀ ಚಾಸಿ ಟ್ಯಾಕಿನಲ್ಲಿ ನಿಂತ ಮೇಲೆ ಟೇಪು ಹಿಡಿದು ಮೂಲೆಯಿಂದ ಮೂಲೆಗೆ ಓರೆಯಾಗಿ ಅಳೆಯುತ್ತಾರೆ. ಎರಡು ಓರೆ ಅಳತೆಗಳೂ ಒಂದೇ ಆಗಿದ್ದರೆ ಚೌಕ ಸರಿ. ಬೇರೆಯಾದರೆ ಟ್ಯಾಕ್ ಕತ್ತರಿಸಿ ಮತ್ತೆ ಕೂರಿಸುತ್ತಾರೆ. ಆಮೇಲೆ ಚಿಕ್ಕಚಿಕ್ಕ ಬೆಸುಗೆ, ಬಲ ಮುಂದೆ ಒಂದು, ಎಡ ಹಿಂದೆ ಒಂದು, ಮೇಲೊಂದು, ಕೆಳಗೊಂದು, ಹೀಗೆ ಬಿಸಿಯನ್ನು ಹಂಚುತ್ತ ಹೋಗುತ್ತಾರೆ. ನಡುನಡುವೆ ಬಿಟ್ಟು ಆರಿಸುತ್ತಾರೆ. ನೀರು ಹಾಕಿ ಆರಿಸುವುದಿಲ್ಲ, ಹಾಗೆ ಮಾಡಿದರೆ ಉಕ್ಕು ಪೆಡಸಾಗುತ್ತದೆ. ಈ ತಾಳ್ಮೆಗೆ ದುಡ್ಡು ಕೊಡುವ ಗಿರಾಕಿ ನಮ್ಮಲ್ಲಿ ಕಡಿಮೆ. ಬೆಳಿಗ್ಗೆ ಚಾನೆಲ್ ಇಳಿಸಿ ಸಂಜೆಗೆ ಟ್ರಾಲಿ ಬೇಕೆನ್ನುವ ರೈತನಿಗೆ ಬಿತ್ತನೆಯ ಅವಸರ ಇರುತ್ತದೆ, ಅವನನ್ನು ದೂರಲು ನನಗೆ ಮನಸ್ಸಿಲ್ಲ. ಅವಸರದಲ್ಲೂ ಅಳತೆ ಕೆಡದಂಥ ವ್ಯವಸ್ಥೆ ಬೇಕು ಎಂಬುದೇ ನನ್ನ ಮಾತು.

ಅಳತೆ ಕೆಟ್ಟರೆ ಏನಾಗುತ್ತದೆ ಎಂಬುದಕ್ಕೆ ಒಂದು ಲೆಕ್ಕ. ನಾಲ್ಕು ಚಕ್ರದ ಟ್ರಾಲಿ, ಎಡ ಬಲ ಚಕ್ರಗಳ ನಡುವೆ ಒಂದೂವರೆ ಮೀಟರ್ ಅಂತರ ಎಂದುಕೊಳ್ಳಿ. ಹಿಂದಿನ ಅಚ್ಚನ್ನು ಕೂರಿಸುವಾಗ ಒಂದು ತುದಿ ಅರ್ಧ ಇಂಚು ಮುಂದೆ ಬಂತು. ಕಣ್ಣಿಗೆ ಕಾಣುವಷ್ಟೇನೂ ಅಲ್ಲ. ಆದರೆ ಎರಡು ಅಚ್ಚುಗಳು ಈಗ ಬೇರೆ ಬೇರೆ ದಿಕ್ಕಿಗೆ ಮುಖ ಮಾಡಿವೆ, ನೇರ ಎಳೆದರೆ ಟೈರುಗಳು ಪ್ರತಿ ಕಿಲೋಮೀಟರಿಗೆ ಸುಮಾರು ಎಂಟೂವರೆ ಮೀಟರಿನಷ್ಟು ಅಡ್ಡಕ್ಕೆ ಉಜ್ಜಬೇಕಾಗುತ್ತದೆ. ಟೈರು ಬೇಗ ಸವೆಯುತ್ತದೆ, ಡೀಸೆಲ್ ಹೆಚ್ಚು ಕುಡಿಯುತ್ತದೆ. ಟೈರಿನ ಕಂಪನಿಯನ್ನು ಬೈಯುವ ರೈತನಿಗೆ ತಪ್ಪು ಚಾಸಿಯದೆಂದು ತಿಳಿಯುವುದೇ ಇಲ್ಲ.

ಇನ್ನು ಲಾರಿಯ ವಿಷಯ. ಹಾಟ್ ರಾಡಿನ ಚಾಸಿಯನ್ನು ಬೆಸೆಯಬಹುದಾದರೆ ಲಾರಿಯ ಚಾಸಿಯನ್ನೂ ಬೆಸೆಯಬಹುದಲ್ಲ ಎಂದು ಯಾರಿಗಾದರೂ ಅನ್ನಿಸಬಹುದು. ಇವೆರಡೂ ಮೂಲದಲ್ಲೇ ಬೇರೆ. ಲಾರಿಯ ಉದ್ದ ತೊಲೆ ಒಂದು ಬದಿ ತೆರೆದ ಸಿ-ಚಾನೆಲ್. ಹಾಟ್ ರಾಡಿನ ತೊಲೆ ನಾಲ್ಕೂ ಕಡೆ ಮುಚ್ಚಿದ ಪೆಟ್ಟಿಗೆ. 100 ಮಿ.ಮೀ. ಎತ್ತರ, 50 ಮಿ.ಮೀ. ಅಗಲ, 3 ಮಿ.ಮೀ. ದಪ್ಪದ ಸಿ-ಚಾನೆಲ್ಲಿನ ತೆರೆದ ಬದಿಗೆ ಅದೇ ದಪ್ಪದ ಪಟ್ಟಿ ಬೆಸೆದು ಮುಚ್ಚಿದರೆ, ತಿರುಚುವಿಕೆಯನ್ನು ತಡೆಯುವ ಅದರ ಬಿಗಿ ನಾನೂರು ಪಟ್ಟಿಗಿಂತ ಹೆಚ್ಚಾಗುತ್ತದೆ. ಉಬ್ಬಿಸಿ ಹೇಳುತ್ತಿಲ್ಲ, ಯಂತ್ರಶಾಸ್ತ್ರದ ಸಾಮಾನ್ಯ ಸೂತ್ರ ಹಾಕಿ ಯಾವ ಡಿಪ್ಲೊಮಾ ವಿದ್ಯಾರ್ಥಿಯಾದರೂ ತೆಗೆಯಬಹುದಾದ ಉತ್ತರ. ಸುಲಭವಾಗಿ ಸಿಗುವ ಇಷ್ಟು ಬಿಗಿಯನ್ನು ಲಾರಿ ತಯಾರಕರು ಏಕೆ ಬಿಡುತ್ತಾರೆ?

ಏಕೆಂದರೆ ಲಾರಿ ತಿರುಚಿಕೊಳ್ಳಬೇಕು. ಭೀಮಸಮುದ್ರದ ಕಡೆಯ ಅದಿರಿನ ದಾರಿಯಲ್ಲೋ, ಹೊಲದ ಬದುವಿನ ಮೇಲೋ ಒಂದು ಚಕ್ರ ಗುಂಡಿಗೆ ಇಳಿದು ಇನ್ನೊಂದು ದಿಣ್ಣೆ ಹತ್ತಿದಾಗ, ಚಾಸಿ ತುಸು ತಿರುಚಿಕೊಂಡರೆ ನಾಲ್ಕೂ ಮೂಲೆಯ ಚಕ್ರಗಳೂ ನೆಲ ಬಿಡುವುದಿಲ್ಲ. ಅದಕ್ಕೇ ತೊಲೆಯನ್ನು ತೆರೆದಿಟ್ಟು, ಅಡ್ಡಪಟ್ಟಿಗಳನ್ನು ಬೆಸೆಯದೆ ರಿವೆಟ್ ಹೊಡೆದು, ಬೋಲ್ಟ್ ಹಾಕಿ ಜೋಡಿಸುತ್ತಾರೆ. ಆ ಕೀಲುಗಳಲ್ಲಿ ಸ್ವಲ್ಪ ಸಡಿಲಕ್ಕೆ ಅವಕಾಶವಿದೆ. ಅಲ್ಲಿ ಬೆಸುಗೆ ಹಾಕಿ ಬಿಗಿ ಮಾಡಿದರೆ ತಿರುಚುವ ಒತ್ತಡವೆಲ್ಲ ಆ ಬೆಸುಗೆಯ ಅಂಚಿನಲ್ಲಿ ಬಂದು ಸೇರುತ್ತದೆ, ಬಿರುಕು ಶುರುವಾಗುವುದೂ ಅಲ್ಲೇ.

ಲಾರಿಯ ಚಾಸಿಯನ್ನು ಬೆಸೆಯಬಾರದು ಎನ್ನಲು ಎರಡನೆಯ ಕಾರಣ ಉಕ್ಕಿನದು. ಊರ ಅಂಗಡಿಯಲ್ಲಿ ಸಿಗುವ ಸಾಮಾನ್ಯ ಉಕ್ಕಿನ ಚಾನೆಲ್ ಪ್ರತಿ ಚದರ ಮಿಲಿಮೀಟರಿಗೆ 250 ನ್ಯೂಟನ್ ಒತ್ತಡದವರೆಗೂ ಶಾಶ್ವತವಾಗಿ ಬಾಗದೆ ನಿಲ್ಲುತ್ತದೆ. ಲಾರಿಯ ತೊಲೆಗೆ ಬಳಸುವ ಬಿ.ಎಸ್.ಕೆ.-46ರಂಥ ಉಕ್ಕಿಗೆ ಅದು 460ರ ಆಸುಪಾಸು. ಅಮೆರಿಕದ ಭಾರಿ ಲಾರಿಗಳಲ್ಲಿ ಕಾಯಿಸಿ ಹದಗೊಳಿಸಿದ, ಇನ್ನೂ ಗಟ್ಟಿಯಾದ ತೊಲೆಗಳಿದ್ದು, ಅವುಗಳ ಮೇಲೆ ಬೆಸೆಯಬೇಡಿ, ಮೇಲಿನ ಕೆಳಗಿನ ಅಂಚುಗಳಲ್ಲಿ ತೂತು ಕೊರೆಯಬೇಡಿ ಎಂಬ ಎಚ್ಚರಿಕೆಯ ಚೀಟಿಯನ್ನೇ ಅಂಟಿಸಿರುತ್ತಾರೆ. ಹದಗೊಳಿಸಿದ ಉಕ್ಕಿಗೆ ವೆಲ್ಡಿಂಗಿನ ಬಿಸಿ ತಾಗಿದರೆ ಬೆಸುಗೆಯ ಪಕ್ಕದ ಪಟ್ಟಿಯಲ್ಲಿ ಆ ಹದ ಹೋಗುತ್ತದೆ.

ಇದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ, ವೆಲ್ಡಿಂಗ್ ಕಲಿತ ಎಷ್ಟೋ ಮಂದಿಗೂ ತಿಳಿಯದ್ದು. ಮತ್ತೆ ಮತ್ತೆ ಹೊರೆ ಬಿದ್ದು ಎದ್ದು ಲೋಹ ದಣಿಯುತ್ತದೆ. ಬೆಸುಗೆಯ ಅಂಚಿನ ಈ ದಣಿವು ಉಕ್ಕು ಎಷ್ಟು ಗಟ್ಟಿ ಎಂಬುದನ್ನು ಹೆಚ್ಚುಕಡಿಮೆ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ದುಬಾರಿ ಉಕ್ಕು ತಂದು ಬೆಸೆದರೂ ಬೆಸುಗೆಯ ಅಂಚು ಸಾಮಾನ್ಯ ಉಕ್ಕಿನಷ್ಟೇ ದಿನ ಬಾಳುತ್ತದೆ. ಮತ್ತೆ ಆ ಆಯುಷ್ಯ ಒತ್ತಡದ ಘನಕ್ಕೆ ವಿಲೋಮ. ಒತ್ತಡ ಎರಡರಷ್ಟಾದರೆ ಆಯುಷ್ಯ ಅರ್ಧವಾಗುವುದಿಲ್ಲ, ಎಂಟರಲ್ಲಿ ಒಂದು ಪಾಲಾಗುತ್ತದೆ. ಎಂಟು ವರ್ಷ ಬಾಳಬೇಕಿದ್ದ ಟ್ರಾಲಿಗೆ ಹೊರೆ ದುಪ್ಪಟ್ಟು ಹೇರಿದರೆ ಅದು ಒಂದೇ ವರ್ಷಕ್ಕೆ ಬಿರುಕು ಬಿಡಬಹುದು ಎಂದಾಯಿತು. ಓವರ್‌ಲೋಡಿನ ಮಾತು ಬಂದಾಗಲೆಲ್ಲ ಪೊಲೀಸರ ದಂಡದ ಲೆಕ್ಕವೇ ಬರುತ್ತದೆ. ಈ ಎಂಟರ ಲೆಕ್ಕವನ್ನು ಟ್ರಾಲಿ ಇಟ್ಟುಕೊಂಡ ಪ್ರತಿ ಮನೆಯವರೂ ತಿಳಿದಿರಬೇಕು.

ಲಾರಿಯ ಮೇಲೆ ಬಾಡಿಯನ್ನೋ ಬೋರ್‌ವೆಲ್ ಯಂತ್ರವನ್ನೋ ಕೂರಿಸುವ ಕೆಲಸಗಾರರು ಇದನ್ನು ಅನುಭವದಿಂದ ಬಲ್ಲವರು. ನಮ್ಮ ಬರದ ಜಿಲ್ಲೆಯ ಹೊಲಹೊಲಕ್ಕೂ ಬಂದು ನಿಂತ ತಿರುಚೆಂಗೋಡಿನ ಬೋರ್ ಲಾರಿಗಳನ್ನು ಹತ್ತಿರದಿಂದ ನೋಡಿ. ಚಾಸಿಯ ಮೇಲೆ ಇನ್ನೊಂದು ಚೌಕಟ್ಟು, ಅದರ ಮೇಲೆ ಯಂತ್ರ. ಬಾಡಿಯ ವಿಷಯದಲ್ಲೂ ಹಾಗೆಯೇ, ಚಾಸಿಗೂ ಮೇಲಿನ ಚೌಕಟ್ಟಿಗೂ ನಡುವೆ ಮರದ ಅಥವಾ ರಬ್ಬರಿನ ಪಟ್ಟಿ ಹಾಸಿ ಯು-ಬೋಲ್ಟಿನಿಂದ ಬಿಗಿಯುವುದು ಹಳೆಯ ಕ್ರಮ. ಮೇಲಿನ ಚೌಕಟ್ಟಿನ ಮುಂತುದಿಯನ್ನು ಓರೆಯಾಗಿ ಸವರಿರುತ್ತಾರೆ. ಗಟ್ಟಿ ಚೌಕಟ್ಟು ಒಮ್ಮೆಲೇ ಮುಗಿದರೆ ಆ ಜಾಗದಲ್ಲಿ ಚಾಸಿ ಮುರಿಯುತ್ತದೆ. ಓರೆ ಮಾಡಿದರೆ ಹೊರೆ ಮೆಲ್ಲಗೆ ಇಳಿಯುತ್ತದೆ. ಒಡೆದ ಚಾಸಿಗೆ ತಟ್ಟೆ ಹಾಕುವವರೂ ತಟ್ಟೆಯ ತುದಿಯನ್ನು ಚೌಕವಾಗಿ ಬಿಡದೆ ಓರೆ ಕತ್ತರಿಸುವುದು, ತೊಲೆಯ ಮೇಲಿನ ಕೆಳಗಿನ ಅಂಚುಗಳಿಗೆ ಅಡ್ಡವಾಗಿ ಬೆಸುಗೆ ಎಳೆಯದಿರುವುದು ಇದೇ ಕಾರಣಕ್ಕೆ. ತೊಲೆ ಬಾಗುವಾಗ ಅತಿ ಹೆಚ್ಚು ಒತ್ತಡ ಬೀಳುವುದು ಆ ಅಂಚುಗಳ ಮೇಲೆ. 2020ರ ಏಪ್ರಿಲ್ ನಂತರದ ಬಿ.ಎಸ್.-6 ಲಾರಿಗಳಲ್ಲಿ ಇನ್ನೊಂದು ಎಚ್ಚರ ಬೇಕು. ಬ್ಯಾಟರಿಯ ತಂತಿ ಬಿಚ್ಚದೆ ಎಲ್ಲಿಯಾದರೂ ವೆಲ್ಡಿಂಗ್ ಹಿಡಿದರೆ ಗಾಡಿಯ ಎಲೆಕ್ಟ್ರಾನಿಕ್ ಪೆಟ್ಟಿಗೆಗಳು ಸುಡಬಹುದು.

ಕಾನೂನು ಏನು ಹೇಳುತ್ತದೆ? ಕಾಯ್ದೆಯ 52ನೇ ಸೆಕ್ಷನ್ನಿನ ಪ್ರಕಾರ, ನೋಂದಣಿ ಪತ್ರದ ವಿವರಗಳು ತಯಾರಕರು ಮೊದಲು ಕೊಟ್ಟದ್ದಕ್ಕಿಂತ ಬೇರೆಯಾಗುವಂತೆ ವಾಹನವನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿ ಕಾನೂನುಬಾಹಿರ ಬದಲಾವಣೆ ಮಾಡಿದ ಮಾಲೀಕರಿಗೆ ಆರು ತಿಂಗಳವರೆಗಿನ ಸೆರೆ ಅಥವಾ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ ಅಥವಾ ಎರಡನ್ನೂ ವಿಧಿಸಿದೆ. ಹಳೆಯ ವಾಹನಗಳಿಗೆಂದು ಕೇಂದ್ರ ಸರ್ಕಾರ 2021ರ ಜುಲೈನಲ್ಲಿ ಬೇರೆ ನಿಯಮ ತಂದಿತು. 50 ವರ್ಷ ದಾಟಿದ, ವಾಣಿಜ್ಯ ಬಳಕೆಯದಲ್ಲದ ವಾಹನಕ್ಕೆ 'ವಿಂಟೇಜ್' ನೋಂದಣಿ ಸಿಗುತ್ತದೆ, ನಂಬರಿನಲ್ಲಿ 'ವಿಎ' ಅಕ್ಷರಗಳು ಬರುತ್ತವೆ. ಆದರೆ ಚಾಸಿ, ಮೈ ಅಥವಾ ಎಂಜಿನ್ ಬದಲಿಸಿದ್ದರೆ ಆ ಮಾನ್ಯತೆ ಇಲ್ಲ. ಅಮೆರಿಕದ ಹಾಟ್ ರಾಡ್ ಪ್ರೇಮಿ ಮೈಯನ್ನು ಉಳಿಸಿ ಚಾಸಿಯನ್ನು ಎಸೆಯುತ್ತಾನೆ. ನಮ್ಮ ನಿಯಮಕ್ಕೆ ಬೇಕಾದದ್ದು ಅದು ಹುಟ್ಟಿದಾಗ ಇದ್ದ ಹಾಗೆಯೇ ಇರುವುದು. ಧರ್ಮಸ್ಥಳದ ಕಾರು ಸಂಗ್ರಹಾಲಯದಲ್ಲಿ ಸಾಲಾಗಿ ನಿಂತ ಹಳೆಯ ಕಾರುಗಳನ್ನು ನೋಡಿದವರಿಗೆ ಈ ನಿಲುವಿನ ಬೆಲೆ ಗೊತ್ತು. ನನ್ನ ಒಲವೂ ಆ ಕಡೆಗೇ. ಬದುಕುಳಿದ ಹಳೆಯ ಲಾರಿಗಳು ನಮ್ಮಲ್ಲಿ ಎಷ್ಟು ಕಡಿಮೆ ಎಂದರೆ, ಒಂದರ ಚಾಸಿ ಕತ್ತರಿಸಿದರೂ ಒಂದು ದಾಖಲೆ ಅಳಿಸಿದಂತೆ. 1954ರಲ್ಲಿ ಜಮ್‌ಷೆಡ್‌ಪುರದಿಂದ ಹೊರಬಂದ ಟಾಟಾ-ಮರ್ಸಿಡಿಸ್ ಲಾರಿಗಳು, ಲೇಲ್ಯಾಂಡ್ ಕಾಮೆಟ್, ಫಾರ್ಗೋ, ಬೆಡ್‌ಫರ್ಡ್ ಇವೆಲ್ಲ ನಮ್ಮ ರಸ್ತೆಗಳಲ್ಲಿ ದುಡಿದು ಸವೆದು ಗುಜರಿಗೆ ಹೋದವು.

ಹಾಗಾದರೆ ನಮ್ಮಲ್ಲಿ ಕೈಯಾರೆ ಚಾಸಿ ಬೆಸೆಯುವವರು ಯಾರೂ ಇಲ್ಲವೇ? ಇದ್ದಾರೆ, ಎರಡು ಕಡೆ. ಒಂದು, ಇಂಜಿನಿಯರಿಂಗ್ ಕಾಲೇಜುಗಳಲ್ಲಿ. ಬೆಂಗಳೂರಿನ ಆರ್.ವಿ. ಇಂಜಿನಿಯರಿಂಗ್ ಕಾಲೇಜಿನ ವಿದ್ಯಾರ್ಥಿಗಳ 'ಅಶ್ವ ರೇಸಿಂಗ್' ತಂಡ 2003ರಿಂದ ರೇಸ್ ಕಾರುಗಳನ್ನು ತಾನೇ ಕಟ್ಟುತ್ತ ಬಂದಿದೆ. 2007ರಿಂದ ನಡೆಯುತ್ತಿರುವ 'ಬಾಹಾ ಎಸ್‌ಎಇ ಇಂಡಿಯಾ' ಸ್ಪರ್ಧೆಗೆ ದೇಶದ ಕಾಲೇಜು ತಂಡಗಳು ಉಕ್ಕಿನ ಕೊಳವೆಗಳನ್ನು ಬೆಸೆದು ಕಲ್ಲುಮುಳ್ಳಿನ ದಾರಿಯಲ್ಲಿ ಓಡುವ ಗಾಡಿ ಕಟ್ಟುತ್ತವೆ. ಇವು ರಸ್ತೆಗೆ ಬರುವುದಿಲ್ಲ, ಮೈದಾನದಲ್ಲೇ ಓಡುತ್ತವೆ, ಹಾಗಾಗಿ ಕಾನೂನಿನ ತೊಡಕಿಲ್ಲ.

ಬಾಹಾ ನಿಯಮಗಳಲ್ಲಿ ನನಗೆ ಬಹಳ ಹಿಡಿಸಿದ ಒಂದು ಪದ್ಧತಿ ಇದೆ. ಗಾಡಿಯ ಕೊಳವೆಗಳನ್ನು ಯಾರು ಬೆಸೆದರೋ ಅವರೇ, ಅದೇ ಕೊಳವೆಯಲ್ಲಿ, ಅದೇ ವಿಧಾನದಲ್ಲಿ ಎರಡು ಮಾದರಿ ಬೆಸುಗೆ ಮಾಡಿ ತರಬೇಕು. ಒಂದನ್ನು ಮುರಿಯುವವರೆಗೆ ಎಳೆದೋ ಬಗ್ಗಿಸಿಯೋ ನೋಡಬೇಕು. ಮುರಿದದ್ದು ಕೊಳವೆಯಾಗಿರಬೇಕು, ಬೆಸುಗೆ ಅಲ್ಲ. ಇನ್ನೊಂದನ್ನು ಉದ್ದಕ್ಕೆ ಸೀಳಿ, ಬೆಸುಗೆ ಒಳಗಿನವರೆಗೂ ಇಳಿದಿದೆಯೇ ಎಂದು ತೋರಿಸಬೇಕು. ಹೊರಗಿನಿಂದ ಮೀನಿನ ಹುರುಪೆಯಂತೆ ಚೆಂದ ಕಾಣುವ ಬೆಸುಗೆ ಒಳಗೆ ಬರೀ ಮೇಲ್ಮೈಗೆ ಅಂಟಿಕೊಂಡಿರುವುದುಂಟು. ಅದನ್ನು ತಿಳಿಯಲು ಇದಕ್ಕಿಂತ ಅಗ್ಗದ, ಪ್ರಾಮಾಣಿಕವಾದ ಪರೀಕ್ಷೆ ಇಲ್ಲ. ಒಂದು ಗರಗಸ, ಒಂದು ವೈಸ್, ಒಂದು ಸುತ್ತಿಗೆ ಇದ್ದರೆ ಯಾವ ಹಳ್ಳಿಯ ಷೆಡ್ಡಿನಲ್ಲೂ ಮಾಡಬಹುದು.

ಎರಡನೆಯ ಕಡೆ ಯಾವುದೆಂದರೆ ಊರೂರಿನ ವೆಲ್ಡಿಂಗ್ ಷೆಡ್ಡುಗಳು. ಅವರು ಕಟ್ಟುವ ಟ್ರಾಲಿ ಕಾನೂನಿನ ಕಣ್ಣಿನಲ್ಲಿ ಪೂರ್ಣ ವಾಹನ, ನೋಂದಣಿ ಬೇಕಾದದ್ದು. ಆ ಕೆಲಸಗಾರರ ಕೈಯನ್ನು ನಾನು ಗೌರವಿಸುತ್ತೇನೆ. ಬೇಸಿಗೆಯ ಮಧ್ಯಾಹ್ನ ತಗಡಿನ ಮಾಡಿನ ಕೆಳಗೆ, ಎಷ್ಟೋ ಸಲ ಬರೀ ತಂಪು ಕನ್ನಡಕ ಹಾಕಿಕೊಂಡು ಕಣ್ಣು ಸುಟ್ಟುಕೊಳ್ಳುತ್ತ ಅವರು ಮಾಡುವ ಕೆಲಸ ಸಣ್ಣದಲ್ಲ. ಬೆಸೆಯಲು ಅವರಿಗೆ ಯಾರೂ ಕಲಿಸಬೇಕಿಲ್ಲ. ಅವರಿಗೆ ಇಲ್ಲದಿರುವುದು ನಕ್ಷೆ, ಜಿಗ್ಗು, ನಿಖರವಾಗಿ ಕತ್ತರಿಸಿದ ತುಂಡು. ಹಳೆಯ ಟ್ರಾಲಿಯೊಂದನ್ನು ನೋಡಿಕೊಂಡು ಹೊಸದನ್ನು ಕಟ್ಟುತ್ತಾರೆ. ಹಳೆಯದರ ತಪ್ಪು ಹೊಸದಕ್ಕೂ ಬರುತ್ತದೆ. ಗ್ಯಾಸ್ ಕಟಿಂಗಿನಲ್ಲಿ ಕತ್ತರಿಸಿದ ಚಾನೆಲ್ಲಿನ ತುದಿಯಲ್ಲಿ ಬೆರಳು ಹೋಗುವಷ್ಟು ಸಂದು ಉಳಿದರೆ ಅದನ್ನು ರಾಡು ಸುರಿದು ತುಂಬುತ್ತಾರೆ. ಸಂದು ದೊಡ್ಡದಾದಷ್ಟೂ ಬಿಸಿ ಹೆಚ್ಚು, ಎಳೆತ ಹೆಚ್ಚು, ಬೆಸುಗೆ ದುರ್ಬಲ.

ಇಲ್ಲಿಗೇ ಆ ಕಿಟ್ಟು ಬರಬೇಕು. ಅಜ್ಜನ ಪಿಕಪ್ಪಿಗೆ ಬೇಡ, ಐಮಂಗಲದ ಟ್ರಾಲಿಗೆ ಬೇಕು. ಯೋಗ್ಯ ಇಂಜಿನಿಯರುಗಳು ಲೆಕ್ಕ ಹಾಕಿ, ಪರೀಕ್ಷಿಸಿ, ಸಾರಿಗೆ ಇಲಾಖೆಯಿಂದ ಒಪ್ಪಿಗೆ ಪಡೆದ ಎರಡೋ ಮೂರೋ ಟ್ರಾಲಿ ವಿನ್ಯಾಸಗಳು. ಅವುಗಳ ತುಂಡುಗಳು ಲೇಸರಿನಲ್ಲಿ ಕತ್ತರಿಸಿ, ಹಲ್ಲು-ಸೀಳುಗಳ ಸಮೇತ ಸಿಗಬೇಕು. ಲೇಸರ್ ಯಂತ್ರಗಳಿಗಾಗಿ ದೂರ ಹೋಗಬೇಕಿಲ್ಲ, ಇದೇ ಹೆದ್ದಾರಿ ಹಿಡಿದು ದಕ್ಷಿಣಕ್ಕೆ ಹೋದರೆ ಪೀಣ್ಯ ಸಿಗುತ್ತದೆ. ಊರಿನ ವೆಲ್ಡರ್ ಅವನ್ನು ತಂದು ಕೂರಿಸಿ ಬೆಸೆಯುತ್ತಾನೆ. ಅವನ ಕೂಲಿ, ಅವನ ಹೆಸರು ಅವನಿಗೇ ಉಳಿಯುತ್ತದೆ. ಲಾರಿ ಬಾಡಿಗೆ ಎಐಎಸ್-093, ಬಸ್ಸಿನ ಬಾಡಿಗೆ ಎಐಎಸ್-052 ಎಂಬ ರಾಷ್ಟ್ರೀಯ ಮಾನದಂಡಗಳು ಬಂದಾಗ ಸಣ್ಣ ಬಾಡಿ ಕಟ್ಟುವವರಿಗೆ ಅವು ಭಾರವಾದವು. ದೊಡ್ಡ ಕಾರ್ಖಾನೆಗಳಿಗಿರುವ ನಕ್ಷೆಗಾರರು, ಪರೀಕ್ಷೆಯ ಖರ್ಚು ಸಣ್ಣ ಷೆಡ್ಡಿನ ಕೈಲಿ ಆಗುವುದಿಲ್ಲ. ಸುರಕ್ಷತೆಯ ನಿಯಮ ಬೇಕೇ ಬೇಕು. ಅದನ್ನು ಪಾಲಿಸುವ ಸಾಧನವನ್ನೂ ಸಣ್ಣವರ ಕೈಗೆ ಕೊಟ್ಟರೆ ಮಾತ್ರ ಅದು ನ್ಯಾಯ. ಒಪ್ಪಿಗೆ ಪಡೆದ ಕಿಟ್ಟು ಅಂಥ ಸಾಧನ. ಸರ್ಕಾರಿ ಟೂಲ್ ರೂಮ್ ತರಬೇತಿ ಕೇಂದ್ರ, ಜಿಲ್ಲೆಯ ಐಟಿಐಗಳು, ಚಿತ್ರದುರ್ಗದ ಎಸ್.ಜೆ.ಎಂ. ತಾಂತ್ರಿಕ ಮಹಾವಿದ್ಯಾಲಯದಂಥ ಕಾಲೇಜುಗಳು ಸೇರಿ ಕೈ ಹಾಕಿದರೆ ಆಗದ ಕೆಲಸವಲ್ಲ.

ಆ ಕಿಟ್ಟಿನಲ್ಲಿ ಮೊದಲು ಏನಿರಬೇಕು ಎಂದು ನನ್ನನ್ನು ಕೇಳಿದರೆ, ಎಳೆಯುವ ಮೂಗಿನ ಕಂಬಿ, ಅಂದರೆ ಡ್ರಾ-ಬಾರ್. ಟ್ರ್ಯಾಕ್ಟರಿನ ಎಳೆತ, ಇಳಿಜಾರಿನಲ್ಲಿ ಟ್ರಾಲಿಯ ನೂಕು ಎಲ್ಲ ಒಂದೇ ಜಾಗದಲ್ಲಿ ಬೀಳುವುದು ಅಲ್ಲಿ. ಅದು ಮುರಿದರೆ ಟ್ರಾಲಿಗೆ ಯಜಮಾನನೇ ಇಲ್ಲ. ಆ ತುಂಡನ್ನು ಚಾಸಿಯ ಒಳಗೆ ಎರಡು ಅಡ್ಡಪಟ್ಟಿಗಳನ್ನು ದಾಟಿ ಹೋಗುವಷ್ಟು ಉದ್ದ ಇಡಬೇಕು, ಮುಂದಿನ ಪಟ್ಟಿಗೆ ಬರೀ ತುದಿ ತಾಗಿಸಿ ಬೆಸೆಯಬಾರದು. ಜೊತೆಗೆ ಮುರಿದರೂ ಬಿಡದಂತೆ ಒಂದು ಸುರಕ್ಷಾ ಸರಪಳಿ. ಎರಡನೆಯದು ಬ್ರೇಕು. ಟನ್ನುಗಟ್ಟಲೆ ಹೊರೆಯನ್ನು ಟ್ರ್ಯಾಕ್ಟರಿನ ಬ್ರೇಕೊಂದೇ ನಿಲ್ಲಿಸಬೇಕೆಂದು ಬಿಡುವುದು ಸರಿಯಲ್ಲ. ಕಿಟ್ಟಿನ ಅಚ್ಚಿನ ಮೇಲೆ ಬ್ರೇಕಿನ ತಟ್ಟೆ ಕೂರುವ ಬೋಲ್ಟಿನ ತೂತುಗಳು ಮೊದಲೇ ಇದ್ದರೆ, ಇಂದಲ್ಲ ನಾಳೆ ರೈತ ಬ್ರೇಕು ಹಾಕಿಸಬಹುದು. ಮೂರನೆಯದು ಹಿಂಭಾಗದಲ್ಲಿ ಪ್ರತಿಫಲಕ ಪಟ್ಟಿ ಅಂಟಿಸಲು, ದೀಪ ಕೂರಿಸಲು ಜಾಗ. ರಾತ್ರಿ ಹೆದ್ದಾರಿ ಬದಿಯಲ್ಲಿ ದೀಪವಿಲ್ಲದೆ ನಿಂತ ಟ್ರಾಲಿಗೆ ಹಿಂದಿನಿಂದ ಬಂದು ಗುದ್ದುವ ಅಪಘಾತಗಳ ಸುದ್ದಿ ಓದಿ ಓದಿ ಮನಸ್ಸು ನೊಂದಿದೆ.

ಅಂಥ ಕಿಟ್ಟು ಬರುವವರೆಗೆ ಹೊಸ ಟ್ರಾಲಿ ಕಟ್ಟಿಸುವವರು ಕೆಲವನ್ನು ಕೇಳಿ ಪಡೆಯಬಹುದು. ಬಣ್ಣ ಬಳಿಯುವ ಮೊದಲು ಹೋಗಿ ನೋಡಿ, ಬಣ್ಣ ಬಿದ್ದ ಮೇಲೆ ಬೆಸುಗೆ ಮಾತಾಡುವುದಿಲ್ಲ. ಟೇಪು ಹಿಡಿದು ಚಾಸಿಯ ಎರಡು ಓರೆಗಳನ್ನೂ ಅಳೆಯಿರಿ. ಡ್ರಾ-ಬಾರಿನ ಕಣ್ಣಿನಿಂದ ಅಚ್ಚಿನ ಎಡ ತುದಿಗೂ ಬಲ ತುದಿಗೂ ಅಳೆಯಿರಿ, ಎರಡೂ ಒಂದೇ ಬರಬೇಕು. ಹೊರೆ ಹೊರುವ ಜಾಗಕ್ಕೆ ಯಾವ ರಾಡು ಬಳಸುತ್ತೀರಿ ಎಂದು ಕೇಳಿ. ಎಲ್ಲ ಕಡೆ ಸಿಗುವ 6013 ಸುಲಭವಾಗಿ ಓಡುತ್ತದೆ, ಆದರೆ ಡ್ರಾ-ಬಾರು, ಪಾಟಾ (ಸ್ಪ್ರಿಂಗ್ ಪಟ್ಟಿ) ಕಟ್ಟುವ ಕೊಂಡಿಗಳಂಥ ಜಾಗಕ್ಕೆ 7018 ಉತ್ತಮ. ಅದಕ್ಕೆ ತೇವ ಆಗದು, ತೆರೆದಿಟ್ಟ ಪೊಟ್ಟಣದ ರಾಡನ್ನು ಓವನ್ನಿನಲ್ಲಿ ಒಣಗಿಸಿಯೇ ಬಳಸಬೇಕು. ಆಮೇಲೆ ಅದೇ ಚಾನೆಲ್ಲಿನ ಎರಡು ತುಂಡುಗಳನ್ನು ಬೆಸೆದು, ವೈಸಿಗೆ ಕಚ್ಚಿಸಿ, ಸುತ್ತಿಗೆಯಿಂದ ಮಡಚಿ ತೋರಿಸಲು ಹೇಳಿ. ತನ್ನ ಕೆಲಸದ ಮೇಲೆ ನಂಬಿಕೆಯಿರುವ ವೆಲ್ಡರ್ ಇದಕ್ಕೆ ಬೇಸರಿಸುವುದಿಲ್ಲ. ಅವನ ಆ ಅರ್ಧ ಗಂಟೆಗೆ ಬೇರೆಯಾಗಿ ಕೂಲಿ ಕೊಡಿ.